ಲೈನಿನ ತುದಿಯಿಂದ ನೋಡಿದರೆ ಸ್ಮಾರ್ಟ್ ಗ್ರಿಡ್

ಶಹಾಪುರ ತಾಲೂಕಿನ ನಮ್ಮ ಹೊಲ ಕೆನಾಲಿಗೂ ಟೇಲ್ ಎಂಡ್, ಕರೆಂಟಿಗೂ ಟೇಲ್ ಎಂಡ್. ಕೃಷ್ಣೆಯ ನೀರು ನಾರಾಯಣಪುರದಿಂದ ಹೊರಟು, ಶಾಖಾ ಕಾಲುವೆ, ಅದರ ಕವಲು, ಕವಲಿನ ಕವಲು ದಾಟಿ ನಮ್ಮ ಬದುವಿಗೆ ಬರುವ ಹೊತ್ತಿಗೆ ಸೊರಗಿರುತ್ತದೆ. ಕೆಲವು ವರ್ಷ ಬರುವುದೇ ಇಲ್ಲ. ಅದಕ್ಕೇ ಅಪ್ಪ ಬಾವಿ ತೋಡಿಸಿ 5 ಎಚ್‌ಪಿ ಮೋಟರ್ ಕೂಡಿಸಿದರು. ಆ ಮೋಟರಿಗೆ ಕರೆಂಟ್ ಕೊಡುವ ಟಿಸಿ, ಅಂದರೆ ಕಂಬದ ಟ್ರಾನ್ಸ್‌ಫಾರ್ಮರ್, ನಮ್ಮ ಫೀಡರಿನ (ಸಬ್‌ಸ್ಟೇಷನ್ನಿನಿಂದ ಹೊರಡುವ ಲೈನಿನ) ಕಟ್ಟಕಡೆಯದು.

ಒಂದು ಏಪ್ರಿಲ್‌ನಲ್ಲಿ ಆ ಟಿಸಿ ಸುಟ್ಟಿತು. ನಸುಕಿನ ನಾಲ್ಕಕ್ಕೆ ಮೋಟರ್ ಓಡಿಸುವ ತ್ರೀ ಫೇಸ್ ಕರೆಂಟ್ ಬಂತು. ಕರೆಂಟ್ ಬಂದರೆ ಮೋಟರನ್ನು ತಾವೇ ಶುರು ಮಾಡುವ ಸುತ್ತಲಿನ ಹೊಲಗಳ ಆಟೋ ಸ್ಟಾರ್ಟರ್‌ಗಳು ಒಂದೇ ಸಲ ಖಟ್ ಅಂದವು. ಮನೆಯ ಬಲ್ಬ್ ಮಂಕಾಯಿತು. ಸ್ವಲ್ಪ ಹೊತ್ತಿಗೆ ಕಂಬದ ಕಡೆಯಿಂದ ದೊಡ್ಡ ಸದ್ದು, ಆಮೇಲೆ ಕತ್ತಲು. ಅಣ್ಣ ಬ್ಯಾಟರಿ ಹಿಡಿದು ಹೋಗಿ ನೋಡಿದರೆ ಟಿಸಿಯಿಂದ ಎಣ್ಣೆ ಸೋರುತ್ತಿತ್ತು. ಬೇಸಿಗೆ ಶೇಂಗಾ ಕಾಯಿ ಕಟ್ಟುವ ಕಾಲ ಅದು. ಹೊಸ ಟಿಸಿ ಬರುವಷ್ಟರಲ್ಲಿ ಅರ್ಧ ಬೆಳೆ ಬಾಡಿತ್ತು.

ನಾನಾಗ ಕಲಬುರಗಿಯಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಓದುತ್ತಿದ್ದೆ. ಅಣ್ಣ ಫೋನಿನಲ್ಲಿ ಕೇಳಿದ: "ತಮ್ಮಾ, ಟಿಸಿ ಸುಡತದ ಅಂತ ಮೊದಲೇ ಯಾರಿಗೂ ಗೊತ್ತಾಗಲ್ಲೇನು?" ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ. ಗ್ರಿಡ್ ಅಂದರೆ ವಿದ್ಯುತ್ ಕೇಂದ್ರದಿಂದ ನಮ್ಮ ಮನೆಯವರೆಗಿನ ತಂತಿಗಳ ಜಾಲ. ಸ್ಮಾರ್ಟ್ ಗ್ರಿಡ್ ಅಂತ ಪತ್ರಿಕೆಗಳಲ್ಲಿ ಓದುತ್ತೀರಲ್ಲ, ಅದು ಮುಖ್ಯವಾಗಿ ಅಣ್ಣನ ಈ ಪ್ರಶ್ನೆಗೆ ಕೊಡುವ ಉತ್ತರ.

ಆ ನಸುಕಿನ ಲೆಕ್ಕ

ನಮ್ಮದು 63 ಕೆವಿಎ ಟಿಸಿ. ಟಿಸಿ ಎಷ್ಟು ಭಾರ ತಾಳುತ್ತದೆ ಅನ್ನುವುದರ ಅಳತೆ ಈ ಕೆವಿಎ. 5 ಎಚ್‌ಪಿ ಮೋಟರ್ ಒಂದು ಓಡುವಾಗ ಸುಮಾರು ಐದೂವರೆ ಕೆವಿಎ ಎಳೆಯುತ್ತದೆ. ಹತ್ತು ಮೋಟರಿಗೆ 55. ಟಿಸಿ ಆರಾಮಾಗಿ ತಾಳುತ್ತದೆ. ಆದರೆ ಮೋಟರ್ ಶುರುವಾಗುವ ಮೊದಲ ಕೆಲವು ಸೆಕೆಂಡ್ ಐದಾರು ಪಟ್ಟು ಜಾಸ್ತಿ ಕರೆಂಟ್ ಬೇಡುತ್ತದೆ. ತುಂಬಿದ ಬಂಡಿಯನ್ನು ನಿಂತಲ್ಲಿಂದ ಎಳೆಯುವಾಗ ಎತ್ತಿನ ಹೆಗಲಿಗೆ ಎಷ್ಟು ಭಾರ ಬೀಳುತ್ತದೆ ನೋಡಿ, ಹಾಗೆ. ಹತ್ತೂ ಒಂದೇ ಗಳಿಗೆಗೆ ಶುರುವಾದರೆ 300 ಕೆವಿಎ ಹತ್ತಿರ ಹೋಗುತ್ತದೆ. ಅದರ ಮೇಲೆ ಲೆಕ್ಕದಲ್ಲಿಲ್ಲದ ಮೂರ್ನಾಲ್ಕು ಮೋಟರ್ ಬೇರೆ ಇದ್ದವು.

ಇಷ್ಟು ಕರೆಂಟ್ ಹರಿದಾಗ ತಂತಿಯಲ್ಲೇ ವೋಲ್ಟೇಜ್ ಕರಗುತ್ತದೆ. ತುದಿಯವರಿಗೆ ಉಳಿಯುವುದು ಕಡಿಮೆ, ಥೇಟ್ ಕೆನಾಲಿನ ಹಾಗೆಯೇ. ವೋಲ್ಟೇಜ್ ಕಡಿಮೆಯಾದರೆ ಮೋಟರ್ ಸುಮ್ನೆ ನಿಧಾನವಾಗುತ್ತದೆ ಅಂದುಕೊಳ್ಳುತ್ತೇವೆ. ಹಾಗಾಗುವುದಿಲ್ಲ. ಅಷ್ಟೇ ನೀರು ಎತ್ತಬೇಕಾದ್ದರಿಂದ ಅದು ಇನ್ನೂ ಜಾಸ್ತಿ ಕರೆಂಟ್ ಎಳೆಯುತ್ತದೆ. ವೋಲ್ಟೇಜ್ ಶೇ 20ರಷ್ಟು ಇಳಿದರೆ ಕರೆಂಟ್ ಶೇ 25ರಷ್ಟು ಏರುತ್ತದೆ. ಬಿಸಿ ಏರುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ. ಅಂದರೆ ಶೇ 56ರಷ್ಟು ಜಾಸ್ತಿ ಬಿಸಿ. ನಮ್ಮ ಕಡೆ ಮೋಟರ್ ಕಾಯಿಲ್ ಸುಟ್ಟು ರೀವೈಂಡಿಂಗ್ ಅಂಗಡಿಗಳ ಮುಂದೆ ಸಾಲು ನಿಲ್ಲುವುದು ಬಹಳ ಸಲ ಇದೇ ಕಾರಣಕ್ಕೆ.

ಟಿಸಿ ಒಂದೇ ದಿನಕ್ಕೆ ಸುಡುವುದಿಲ್ಲ. ವಾರಗಟ್ಟಲೆ ಅದರ ಎಣ್ಣೆ ಕಾದಿರುತ್ತದೆ. ಒಳಗಿನ ಸುರುಳಿಗೆ ಸುತ್ತಿದ ಕಾಗದ ಸುಡುತ್ತಾ ಬಂದಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಯ ಬಿಸಿಲು 42, 43 ಡಿಗ್ರಿ ದಾಟುತ್ತದೆ. ಟಿಸಿ ತಣ್ಣಗಾಗಲು ರಾತ್ರಿಯೂ ಸಾಲುವುದಿಲ್ಲ. ಅದು ಜ್ವರ ಬಂದ ಮಗುವಿನ ಹಾಗೆ ತಿಂಗಳಿಡೀ ಕಾದಿತ್ತು. ಅದರ ಮೈ ಮುಟ್ಟಿ ನೋಡುವವರು ಯಾರೂ ಇರಲಿಲ್ಲ. ಹತ್ತು ಸ್ಟಾರ್ಟರುಗಳ ಟೈಮರ್ ಒಬ್ಬರಿಗೆ ಒಂದು ನಿಮಿಷ, ಮತ್ತೊಬ್ಬರಿಗೆ ಎರಡು ನಿಮಿಷ ಅಂತ ಮುಂದೆ ಹಿಂದೆ ಇಟ್ಟಿದ್ದರೆ ಒಮ್ಮೆಗೇ ಬೀಳುವ ಆ ಭಾರವಾದರೂ ತಪ್ಪುತ್ತಿತ್ತು. ಹಾಗೆ ಇಡಬೇಕು ಅಂತ ಹೇಳಲು ಮೊದಲು ಯಾರಿಗಾದರೂ ವಿಷಯ ಗೊತ್ತಿರಬೇಕಲ್ವಾ?

ತೇರು ಎಳೆಯುವ ಕೆಲಸ

ನೀರಿಗೂ ಕರೆಂಟಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ನಾರಾಯಣಪುರದ ಬಸವಸಾಗರದಲ್ಲಿ ನೀರು ನಿಲ್ಲುತ್ತದೆ. ತಂತಿಯಲ್ಲಿ ಕರೆಂಟ್ ನಿಲ್ಲುವುದಿಲ್ಲ. ಈ ಗಳಿಗೆಯಲ್ಲಿ ಎಷ್ಟು ಬಳಕೆಯೋ ಇದೇ ಗಳಿಗೆಯಲ್ಲಿ ಅಷ್ಟೇ ತಯಾರಾಗಬೇಕು. ಹೆಚ್ಚಾದರೂ ತೊಂದರೆ, ಕಡಿಮೆಯಾದರೂ ತೊಂದರೆ.

ಕಲಬುರಗಿಯ ಶರಣಬಸವೇಶ್ವರ ಜಾತ್ರೆಯ ತೇರನ್ನು ನೆನೆಸಿಕೊಳ್ಳಿ. ಹಗ್ಗ ಹಿಡಿದ ಸಾವಿರಾರು ಜನ ವಿದ್ಯುತ್ ಕೇಂದ್ರಗಳು. ತೇರಿನ ಭಾರ ನಮ್ಮೆಲ್ಲರ ಬಳಕೆ. ತೇರಿನ ವೇಗವೇ ಗ್ರಿಡ್ಡಿನ ಫ್ರೀಕ್ವೆನ್ಸಿ, ಅಂದರೆ ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಆಡುತ್ತದೆ ಅನ್ನುವುದು. ನಮ್ಮ ದೇಶದಲ್ಲಿ ಅದು 50 ಹರ್ಟ್ಜ್ ಇರಬೇಕು. 49.90ರಿಂದ 50.05ರ ಒಳಗೆ ಇಟ್ಟುಕೊಳ್ಳಬೇಕು ಅನ್ನುವುದು ನಿಯಮ. ಭಾರ ಏರಿದರೆ ತೇರು ನಿಧಾನವಾಗುತ್ತದೆ, ಫ್ರೀಕ್ವೆನ್ಸಿ ಇಳಿಯುತ್ತದೆ. ಆಗ ಎಳೆಯುವವರು ಜೋರು ಹಾಕಬೇಕು, ಇಲ್ಲ ಭಾರ ಇಳಿಸಬೇಕು. ಭಾರ ಇಳಿಸುವುದಕ್ಕೇ ನಾವು ಲೋಡ್ ಶೆಡ್ಡಿಂಗ್ ಅನ್ನುವುದು. ಪಕ್ಕದ ರಾಯಚೂರಿನ ಶಕ್ತಿನಗರದಲ್ಲಿ ಟರ್ಬೈನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತದೆ. ಅದರ ಜೊತೆಗೇ ದೇಶದ ನೂರಾರು ಟರ್ಬೈನ್‌ಗಳು ಒಂದೇ ತಾಳಕ್ಕೆ ತಿರುಗುತ್ತಿರುತ್ತವೆ. ಕಾಶ್ಮೀರದಲ್ಲಿ ಹೀಟರ್ ಹಾಕಿದರೂ ಆ ತಾಳಕ್ಕೆ ಒಂದು ಸಣ್ಣ ತೂಕ ಬೀಳುತ್ತದೆ.

ಈ ತಾಳ ತಪ್ಪಿದರೆ ಏನಾಗುತ್ತದೆ ಅಂತ ದೇಶ 2012ರಲ್ಲಿ ನೋಡಿತು. ಜುಲೈ 30ರ ನಸುಕಿನಲ್ಲಿ ಮಧ್ಯಪ್ರದೇಶದ ಬೀನಾ ಮತ್ತು ಗ್ವಾಲಿಯರ್ ನಡುವಿನ 400 ಕೆವಿ ಲೈನ್ ಟ್ರಿಪ್ ಆಯಿತು, ಅಂದರೆ ತಾನೇ ಬಂದ್ ಆಯಿತು. ಅದರ ಭಾರ ಪಕ್ಕದ ಲೈನುಗಳ ಮೇಲೆ ಬಿತ್ತು. ಅವೂ ಒಂದರ ಹಿಂದೆ ಒಂದು ಕೈಬಿಟ್ಟವು. ಉತ್ತರದ ಗ್ರಿಡ್ ಪೂರ್ತಿ ಕುಸಿಯಿತು. ಮರುದಿನ ಉತ್ತರ, ಪೂರ್ವ, ಈಶಾನ್ಯ ಮೂರೂ ಒಟ್ಟಿಗೆ ಬಿದ್ದವು. 60 ಕೋಟಿಗೂ ಹೆಚ್ಚು ಜನ ಕತ್ತಲಲ್ಲಿ ಉಳಿದರು. ಕರ್ನಾಟಕಕ್ಕೆ ಅದರ ಬಿಸಿ ತಟ್ಟಲಿಲ್ಲ. ದಕ್ಷಿಣದ ತೇರು ಆಗ ಬೇರೆಯಾಗಿಯೇ ಓಡುತ್ತಿತ್ತು. 2013ರ ಡಿಸೆಂಬರ್ 31ರಂದು ರಾಯಚೂರಿನಿಂದ ಸೊಲ್ಲಾಪುರಕ್ಕೆ 765 ಕೆವಿ ಲೈನ್ ಚಾಲೂ ಆಯಿತು. ದಕ್ಷಿಣದ ಗ್ರಿಡ್ ಉಳಿದ ದೇಶದ ತಾಳಕ್ಕೆ ಸೇರಿದ್ದು ಅವತ್ತು. ನಮ್ಮ ನೆಲದ ಪಕ್ಕದಲ್ಲೇ ಆದ ಇಷ್ಟು ದೊಡ್ಡ ಘಟನೆ ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಶಾಲೆಯ ಪಾಠದಲ್ಲಿ ಇರಬೇಕಾದ ವಿಷಯ ಇದು ಅಂತ ನನ್ನ ಅನಿಸಿಕೆ.

2012ರ ಆ ಕುಸಿತದ ನಂತರ ದೊಡ್ಡ ಲೈನುಗಳಿಗೆ ಒಳ್ಳೆಯ ಕಣ್ಣು ಬಂತು. ದೊಡ್ಡ ಸಬ್‌ಸ್ಟೇಷನ್‌ಗಳಲ್ಲಿ ಫೇಸರ್, ಅಂದರೆ ಕರೆಂಟಿನ ಅಲೆ ಎಷ್ಟು ಎತ್ತರ ಇದೆ, ಈ ಗಳಿಗೆಯಲ್ಲಿ ಎಲ್ಲಿದೆ ಅನ್ನುವುದನ್ನು ಅಳೆಯುವ ಯಂತ್ರಗಳನ್ನು ಕೂಡಿಸಿದರು. ಅವು ಸೆಕೆಂಡಿಗೆ 25 ಸಲ ಗ್ರಿಡ್ಡಿನ ನಾಡಿ ಹಿಡಿದು, ಜಿಪಿಎಸ್ ಗಡಿಯಾರದ ಸಮಯ ಹಚ್ಚಿ ಕಳಿಸುತ್ತವೆ. ಹಾಗಾಗಿ ರಾಯಚೂರಿನ ಅಂಕಿಯನ್ನೂ ದೆಹಲಿಯ ಅಂಕಿಯನ್ನೂ ಒಂದೇ ಗಳಿಗೆಯದು ಅಂತ ಇಟ್ಟು ನೋಡಬಹುದು. ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಕೇಂದ್ರದಲ್ಲಿ ಕೂತವರಿಗೆ ರಾಜ್ಯದ ದೊಡ್ಡ ಲೈನುಗಳೆಲ್ಲ ಪರದೆಯ ಮೇಲೆ ಕಾಣುತ್ತವೆ. ಅವರು ದಿನವನ್ನು 15 ನಿಮಿಷದ 96 ತುಂಡು ಮಾಡಿಕೊಂಡು, ಯಾವ ತುಂಡಿಗೆ ಎಷ್ಟು ಕರೆಂಟ್ ಬೇಕು ಅಂತ ಹಿಂದಿನ ದಿನವೇ ಲೆಕ್ಕ ಹಾಕುತ್ತಾರೆ.

ಕಣ್ಣು ಇಲ್ಲದಿರುವುದು ಕೆಳಗಿನ ಲೈನಿಗೆ.

ಕತ್ತಲಾಗುವ ಜಾಗ

ವಿದ್ಯುತ್ ಕೇಂದ್ರದಿಂದ 400, 220, 110 ಕೆವಿ, ಆಮೇಲೆ 33, ಆಮೇಲೆ 11 ಕೆವಿ ಫೀಡರ್. ಅಲ್ಲಿಂದ ಟಿಸಿ. ಟಿಸಿಯಿಂದ ನಮ್ಮ ಮನೆ. ಮೇಲಿನ ಅರ್ಧ ಚೆನ್ನಾಗಿ ಕಾಣುತ್ತದೆ. 11 ಕೆವಿ ಫೀಡರ್ ಸಬ್‌ಸ್ಟೇಷನ್ನಿನ ಕಾಂಪೌಂಡ್ ದಾಟಿತು ಅಂದರೆ, ಹಳೆಯ ಪದ್ಧತಿಯಲ್ಲಿ ಆಮೇಲೆ ಎಲ್ಲ ಕತ್ತಲು. ಯಾವ ಕಂಬದ ಹತ್ತಿರ ತಂತಿ ಹರಿದಿದೆ, ಯಾವ ಟಿಸಿ ಕಾಯುತ್ತಿದೆ, ಯಾವ ಮನೆಗೆ 170 ವೋಲ್ಟ್ ಬರುತ್ತಿದೆ, ಯಾವುದೂ ಯಾವ ಪರದೆಯ ಮೇಲೂ ಇಲ್ಲ.

ಹಾಗಾದರೆ ಕರೆಂಟ್ ಹೋದದ್ದು ಹೇಗೆ ಗೊತ್ತಾಗುತ್ತದೆ? ನಾವು 1912ಕ್ಕೆ ಫೋನ್ ಮಾಡುತ್ತೇವೆ. ಇಲ್ಲವೇ ಪರಿಚಯದ ಲೈನ್‌ಮನ್‌ಗೆ: "ಅಣ್ಣಾ, ಕರೆಂಟ್ ಹೋಗ್ಯದ, ಯಾವಾಗ ಬರ್ತದ?" ಅಂದರೆ ಇಷ್ಟು ದೊಡ್ಡ ಜಾಲಕ್ಕೆ ಕೆಳಗಡೆ ಇರುವ ಸೆನ್ಸರ್ ನಾವೇ. ನಮ್ಮ ಫೋನ್ ಹೋದ ಮೇಲೆ ಲೈನ್‌ಮನ್ ಲೈನ್ ಕ್ಲಿಯರ್ (ಲೈನ್ ಬಂದ್ ಮಾಡಿದ್ದೇವೆ ಅನ್ನುವ ಒಪ್ಪಿಗೆ) ತೆಗೆದುಕೊಂಡು ಫೀಡರ್ ಉದ್ದಕ್ಕೂ ನಡೆಯುತ್ತಾನೆ. ಹಳ್ಳಿ ಫೀಡರ್ ಅಂದರೆ 20 ಕಿಲೋಮೀಟರ್ ಇರುವುದೂ ಉಂಟು. ಮಳೆಗಾಲದಲ್ಲಿ ನಮ್ಮ ಎರೆ ಮಣ್ಣಿನಲ್ಲಿ ನಡೆದವರಿಗೆ ಗೊತ್ತು, ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಕಾಲಿಗೆ ಎರಡು ಕೇಜಿ ಮಣ್ಣು ಅಂಟುತ್ತದೆ. ರಾತ್ರಿ, ಮಳೆ, ಕೈಯಲ್ಲಿ ಬ್ಯಾಟರಿ, ಮೇಲೆ ಒಂದೊಂದೇ ಕಂಬ ನೋಡುತ್ತಾ ಹೋಗುವುದು. ಈ ಕೆಲಸ ಮಾಡುವವರ ಬಗ್ಗೆ ನನಗೆ ದೊಡ್ಡ ಗೌರವ ಇದೆ. ಅವರ ಕೈಗೆ ಒಳ್ಳೆಯ ಮಾಹಿತಿ ಕೊಡದೆ ನಡೆಸುತ್ತಿದ್ದೇವೆ ಅನ್ನುವುದೇ ನನ್ನ ಬೇಸರ.

ಕೆನಾಲಿನಲ್ಲೂ ಇದೇ ಕಥೆ ಇತ್ತು. ಗೇಟಿನ ಹತ್ತಿರ ಒಬ್ಬರು ಕೂತು ಕೈಯಿಂದ ತಿರುಗಿಸಬೇಕು. ಮೇಲಿನವರು ರಾತ್ರಿ ಎತ್ತಿಕೊಂಡರೆ ಕೆಳಗಿನವರಿಗೆ ತಿಳಿಯುತ್ತಿರಲಿಲ್ಲ. ಸರದಿಯ ಮೇಲೆ ನೀರು ಹಂಚುವ ವಾರಾಬಂದಿ ಕಾಗದದಲ್ಲಿ ಚೆನ್ನಾಗಿರುತ್ತಿತ್ತು, ತುದಿಯ ಹೊಲದಲ್ಲಿ ಇರುತ್ತಿರಲಿಲ್ಲ. ಆಮೇಲೆ ನಾರಾಯಣಪುರ ಎಡದಂಡೆ ಕಾಲುವೆಯ ವಿಸ್ತರಣೆ, ನವೀಕರಣ, ಆಧುನೀಕರಣದ ಕೆಲಸ ನಡೆಯಿತು. 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಅದನ್ನು ಉದ್ಘಾಟಿಸಿದರು. ಅದರಲ್ಲಿ ಸ್ಕಾಡಾ ಗೇಟ್‌ಗಳು ಇವೆ. ಸ್ಕಾಡಾ ಅಂದರೆ ದೂರದಲ್ಲಿ ಕೂತು ಅಳತೆ ನೋಡುವ, ಗೇಟ್ ಏರಿಸುವ ಇಳಿಸುವ ವ್ಯವಸ್ಥೆ. ಸ್ಮಾರ್ಟ್ ಗ್ರಿಡ್ ಏನು ಅಂತ ನಮ್ಮ ಊರಿನಲ್ಲಿ ಯಾರಾದರೂ ಕೇಳಿದರೆ ನಾನು ಈ ಗೇಟುಗಳನ್ನೇ ತೋರಿಸುತ್ತೇನೆ. ಇದೇ ಕೆಲಸವನ್ನು ಕರೆಂಟಿಗೆ ಮಾಡಿದರೆ ಅದೇ ಸ್ಮಾರ್ಟ್ ಗ್ರಿಡ್.

ಮೀಟರ್ ಬರೀ ಬಿಲ್ಲಿಗಲ್ಲ

ಸ್ಮಾರ್ಟ್ ಮೀಟರ್ ಅಂದ ಕೂಡಲೇ ಜನ ಬಿಲ್ ಬಗ್ಗೆ ಮಾತಾಡುತ್ತಾರೆ. ಪ್ರೀಪೇಯ್ಡ್ ಆಗುತ್ತದಾ? ದುಡ್ಡು ಮುಗಿದರೆ ಕರೆಂಟ್ ತಾನೇ ಕಟ್ ಆಗುತ್ತದಾ? ಕೇಳಬೇಕಾದ ಪ್ರಶ್ನೆಗಳೇ. ಕರ್ನಾಟಕದಲ್ಲಿ 2025ರಲ್ಲಿ ಹೊಸ ಸಂಪರ್ಕಗಳಿಗೆ ಈ ಮೀಟರ್ ಹಾಕಲು ಶುರು ಮಾಡಿದಾಗ ಅದರ ಬೆಲೆಯ ಬಗ್ಗೆಯೂ ಜೋರಾಗಿ ವಾದ ನಡೆಯಿತು. ಇನ್ನೊಂದು ಮಾತೂ ಕೇಳಿದ್ದೇನೆ. 2023ರ ಆಗಸ್ಟ್‌ನಲ್ಲಿ ಗೃಹಜ್ಯೋತಿಗೆ ಚಾಲನೆ ಸಿಕ್ಕಿದ್ದು ನಮ್ಮ ಕಲಬುರಗಿಯಲ್ಲೇ. ಅದಾದ ಮೇಲೆ ಬಹಳ ಮನೆಗಳಿಗೆ ಸೊನ್ನೆ ಬಿಲ್ ಬರುತ್ತದೆ. ಸೊನ್ನೆ ಬಿಲ್ಲಿನ ಮನೆಗೆ ಸ್ಮಾರ್ಟ್ ಮೀಟರ್ ಯಾಕೆ?

ಯಾಕೆಂದರೆ ಅದು ಯೂನಿಟ್ ಎಣಿಸುವುದಕ್ಕಿಂತ ದೊಡ್ಡ ಕೆಲಸ ಮಾಡಬಲ್ಲದು. ಅರ್ಧ ಗಂಟೆಗೊಮ್ಮೆ, ಇಲ್ಲ 15 ನಿಮಿಷಕ್ಕೊಮ್ಮೆ ಅದು ಬಳಕೆಯ ಜೊತೆಗೆ ವೋಲ್ಟೇಜ್ ಬರೆದುಕೊಳ್ಳುತ್ತದೆ. ಮೊಬೈಲ್ ಸಿಗ್ನಲ್ ಮೇಲೆಯೋ, ಪಕ್ಕದ ಮೀಟರಿಗೆ ರೇಡಿಯೊ ಮೂಲಕ ದಾಟಿಸಿಯೋ ಅದನ್ನು ಕಳಿಸುತ್ತದೆ. ಕರೆಂಟ್ ಹೋದಾಗ ಒಳಗಿನ ಕೆಪಾಸಿಟರಿನಲ್ಲಿ ಕೆಲವು ಸೆಕೆಂಡಿನಷ್ಟು ಜೀವ ಇರುತ್ತದೆ. ಆ ಜೀವದಲ್ಲೇ "ಇಲ್ಲಿ ಕರೆಂಟ್ ಹೋಯಿತು" ಅಂತ ಒಂದು ಸಂದೇಶ ಕಳಿಸಿ ಮಲಗುತ್ತದೆ. ಇಂಜಿನಿಯರುಗಳು ಇದನ್ನು ಕೊನೆಯುಸಿರು ಅಂತಲೇ ಕರೆಯುತ್ತಾರೆ. ಒಂದು ಟಿಸಿಯ ಐವತ್ತು ಮೀಟರುಗಳಿಂದ ಒಟ್ಟಿಗೆ ಕೊನೆಯುಸಿರು ಬಂದರೆ ಟಿಸಿ ಹೋಗಿದೆ ಅಂತ ಅರ್ಥ. ಒಂದರಿಂದ ಮಾತ್ರ ಬಂದರೆ ಆ ಮನೆಯ ಸರ್ವಿಸ್ ವೈರ್. ಒಂದು ಕಂಬದಿಂದ ಆಚೆಯ ಎಲ್ಲ ಟಿಸಿಗಳದ್ದೂ ಬಂದರೆ ಹರಿದಿರುವುದು ಆ ಕಂಬದ ಹತ್ತಿರ. ಲೈನ್‌ಮನ್ 20 ಕಿಲೋಮೀಟರ್ ನಡೆಯಬೇಕಿಲ್ಲ. ಯಾರೂ ಫೋನ್ ಮಾಡುವ ಮುಂಚೆಯೇ ಆ ಕಂಬದ ಹತ್ತಿರ ಗಾಡಿ ನಿಲ್ಲಿಸಬಹುದು.

ಟಿಸಿಗೂ ಒಂದು ಮೀಟರ್ ಹಾಕಿದರೆ ಇನ್ನೊಂದು ಗುಟ್ಟು ಬಿಚ್ಚುತ್ತದೆ. ಟಿಸಿಯಿಂದ ಹೊರಟದ್ದು 100 ಯೂನಿಟ್, ಮನೆಗಳ ಮೀಟರುಗಳೆಲ್ಲ ಕೂಡಿಸಿದರೆ 80. ಉಳಿದ 20 ಎಲ್ಲಿ? ಸ್ವಲ್ಪ ತಂತಿಯ ಬಿಸಿಯಲ್ಲಿ ಹೋಗಿರುತ್ತದೆ, ಸ್ವಲ್ಪ ಕೊಕ್ಕೆ ಹಾಕಿದವರಿಗೆ ಹೋಗಿರುತ್ತದೆ. ಇವತ್ತು ಈ ಎರಡೂ ಒಂದೇ ಲೆಕ್ಕದಲ್ಲಿ ಬೆರೆತು, ನಷ್ಟ ಅನ್ನುವ ಒಂದು ಪದದಲ್ಲಿ ಮುಚ್ಚಿಹೋಗುತ್ತವೆ. ತಂತಿ ಬದಲಿಸಬೇಕಾದ ಕಡೆ ಕಳ್ಳತನ ಅನ್ನುತ್ತೇವೆ, ಕಳ್ಳತನ ಇರುವ ಕಡೆ ತಂತಿ ಹಳೆಯದು ಅನ್ನುತ್ತೇವೆ.

ಇವೆಲ್ಲ ಬರೀ ಕನಸಲ್ಲ. ಕೇಂದ್ರ ಸರ್ಕಾರ 2015ರಲ್ಲಿ ರಾಷ್ಟ್ರೀಯ ಸ್ಮಾರ್ಟ್ ಗ್ರಿಡ್ ಮಿಷನ್ ಶುರು ಮಾಡಿತು. ಅದಕ್ಕೂ ಮೊದಲು ಆರಿಸಿದ್ದ ಪ್ರಾಯೋಗಿಕ ಯೋಜನೆಗಳಲ್ಲಿ ನಮ್ಮ ರಾಜ್ಯದ್ದು ಮೈಸೂರಿನ ವಿ.ವಿ. ಮೊಹಲ್ಲಾ ವಿಭಾಗ, 20 ಸಾವಿರಕ್ಕೂ ಹೆಚ್ಚು ಗ್ರಾಹಕರಿದ್ದ ಜಾಗ. 2021ರಲ್ಲಿ ಬಂದ ಇನ್ನೊಂದು ಕೇಂದ್ರ ಯೋಜನೆ ದೇಶದಲ್ಲಿ 25 ಕೋಟಿ ಸ್ಮಾರ್ಟ್ ಪ್ರೀಪೇಯ್ಡ್ ಮೀಟರಿನ ಗುರಿ ಇಟ್ಟಿತು.

ಬಿಸಿಲು ತಂತಿಯನ್ನು ತಿರುಗಿಸಿದಾಗ

ಕೆನಾಲಿನ ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ಕೆನಾಲಿನಲ್ಲಿ ನೀರು ಮೇಲಿನಿಂದ ಕೆಳಗೆ ಮಾತ್ರ ಹರಿಯುತ್ತದೆ. ಕರೆಂಟ್ ಈಗ ಎರಡೂ ಕಡೆ ಹರಿಯತೊಡಗಿದೆ.

ಬೀದರ್, ಕಲಬುರಗಿ, ಯಾದಗಿರಿಗೆ ಬಿಸಿಲಿನ ಬರ ಇಲ್ಲ. ಮಾಳಿಗೆಯ ಮೇಲೆ 1 ಕಿಲೋವ್ಯಾಟ್ ಸೋಲಾರ್ ಹಾಕಿದರೆ ದಿನಕ್ಕೆ ಸುಮಾರು 4 ಯೂನಿಟ್ ಸಿಗುತ್ತದೆ. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಆ ಕರೆಂಟ್ ಮನೆಯಿಂದ ಕಂಬಕ್ಕೆ ಹೋಗುತ್ತದೆ. ಒಂದು ಓಣಿಯಲ್ಲಿ ಇಬ್ಬರು ಹಾಕಿಸಿದರೆ ಏನೂ ಆಗುವುದಿಲ್ಲ. ಮೂವತ್ತು ಮನೆಯವರು ಹಾಕಿಸಿದರೆ ಮಧ್ಯಾಹ್ನ ಆ ಓಣಿಯ ತುದಿಯಲ್ಲಿ ವೋಲ್ಟೇಜ್ 250 ದಾಟಬಹುದು. ಸಂಜೆ ಏಳಕ್ಕೆ ಅದೇ ತುದಿಯಲ್ಲಿ 190 ಇರಬಹುದು. ಒಂದು ಸಲ ಸರಿ ಮಾಡಿ ಬಿಟ್ಟ ಟಿಸಿ ಇದನ್ನು ಹೇಗೆ ನಿಭಾಯಿಸಬೇಕು? ಅಳತೆ ಬೇಕು. ಸೋಲಾರ್ ಕರೆಂಟನ್ನು ಮನೆಯ ಕರೆಂಟಾಗಿ ಬದಲಿಸುವ ಇನ್ವರ್ಟರ್, ಅಳತೆಗೆ ತಕ್ಕ ಹಾಗೆ ತಾನೇ ಸರಿಪಡಿಸಿಕೊಳ್ಳುವಂಥದ್ದು ಬೇಕು.

ಸೋಲಾರ್ ಹಾಕಿಸಿದವರು ಒಂದು ವಿಷಯಕ್ಕೆ ಬೇಜಾರು ಮಾಡಿಕೊಳ್ಳುತ್ತಾರೆ. ಹಗಲು ಬಿಸಿಲಿದ್ದರೂ, ಬೀದಿಯಲ್ಲಿ ಕರೆಂಟ್ ಹೋದರೆ ತಮ್ಮ ಮನೆಯ ಸೋಲಾರ್ ಕೂಡ ನಿಲ್ಲುತ್ತದೆ. ಮೋಸ ಹೋದೆವು ಅನ್ನುತ್ತಾರೆ. ಮೋಸ ಅಲ್ಲ ಅದು. ಲೈನ್ ಸತ್ತಿದೆ ಅಂತ ನಂಬಿ ಕಂಬ ಹತ್ತಿದವನ ಕೈಗೆ ನಿಮ್ಮ ಮಾಳಿಗೆಯ ಕರೆಂಟ್ ಹರಿಯಬಾರದು. ಅದಕ್ಕೇ ಗ್ರಿಡ್ಡಿಗೆ ಜೋಡಿಸಿದ ಇನ್ವರ್ಟರ್, ಗ್ರಿಡ್ ಸತ್ತ ಕೂಡಲೇ ತಾನೂ ನಿಲ್ಲುತ್ತದೆ. ಕತ್ತಲಲ್ಲೂ ಬೇಕು ಅಂದರೆ ಬ್ಯಾಟರಿ ಇರುವ, ಬೀದಿಯ ಲೈನಿನಿಂದ ಮನೆಯನ್ನು ಬೇರ್ಪಡಿಸಿಕೊಳ್ಳುವ ಹೈಬ್ರಿಡ್ ಇನ್ವರ್ಟರ್ ಹಾಕಿಸಬೇಕು.

ಸಮಯಕ್ಕೆ ತಕ್ಕ ದರ ಅನ್ನುವ ಮಾತು ಬರುವುದೂ ಈ ಬಿಸಿಲಿನಿಂದಲೇ. ಹಗಲು ಕರೆಂಟ್ ಜಾಸ್ತಿ, ಸಂಜೆ ಕೊರತೆ. ಕೇಂದ್ರ 2023ರಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮ ತಿದ್ದಿ, ಬಿಸಿಲಿನ ಗಂಟೆಗಳಲ್ಲಿ ದರ ಕನಿಷ್ಠ ಶೇ 20 ಕಡಿಮೆ ಇರಬೇಕು ಅಂತ ಹೇಳಿತು. ಕೃಷಿಯನ್ನು ಇದರಿಂದ ಹೊರಗಿಟ್ಟಿದೆ. ಕಲಬುರಗಿಯ ದಾಲ್ ಮಿಲ್‌ಗಳಿಗೆ ಇದು ಕೆಲಸಕ್ಕೆ ಬರುವ ವಿಷಯ. ತೊಗರಿ ಒಡೆಯುವ ಯಂತ್ರವನ್ನು ಸಂಜೆಯ ಬದಲು ಮಧ್ಯಾಹ್ನ ಓಡಿಸಬಹುದಲ್ವಾ? ರೈತರಿಗಂತೂ ದರಕ್ಕಿಂತ ಹೊತ್ತು ಮುಖ್ಯ. ಪಂಪ್‌ಸೆಟ್‌ಗೆ ಕೊಡುವ 7 ಗಂಟೆಯ ತ್ರೀ ಫೇಸ್ ಹಗಲೇ ಬಂದರೆ ನಸುಕಿನಲ್ಲಿ ಹಾವು ಚೇಳಿನ ನಡುವೆ ನೀರು ಬಿಡುವುದು ತಪ್ಪುತ್ತದೆ.

ಕಂಪ್ಯೂಟರುಗಳ ಮುಯ್ಯಾಳು

ಈಗ ಗ್ರಿಡ್ ಕಂಪ್ಯೂಟಿಂಗ್ ವಿಷಯ. ಹೆಸರು ಕೇಳಿ, ಇದು ಕರೆಂಟ್ ಆಫೀಸಿನ ಕಂಪ್ಯೂಟರ್ ಅಂದುಕೊಳ್ಳುವವರು ಇದ್ದಾರೆ. ಸಂಬಂಧ ಇದೆ, ಆದರೆ ಅದು ಹೆಸರಿನ ಸಾಲದಿಂದ ಶುರುವಾಯಿತು. 1990ರ ದಶಕದಲ್ಲಿ ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಇಯಾನ್ ಫೋಸ್ಟರ್, ಕಾರ್ಲ್ ಕೆಸೆಲ್‌ಮನ್ ಮುಂತಾದವರು ಹೀಗೆ ಯೋಚಿಸಿದರು. ಸ್ವಿಚ್ ಹಾಕುವಾಗ ಕರೆಂಟ್ ಯಾವ ಊರಿನಲ್ಲಿ ತಯಾರಾಯಿತು ಅಂತ ನಾವು ಕೇಳುವುದಿಲ್ಲ. ಹಾಗೆಯೇ ಲೆಕ್ಕ ಮಾಡುವ ಶಕ್ತಿಯೂ ಗೋಡೆಯ ಪ್ಲಗ್ಗಿನಿಂದ ಬಂದ ಹಾಗೆ ಬರಬಾರದೇಕೆ? ಬೇರೆ ಬೇರೆ ಊರಿನ, ಬೇರೆ ಬೇರೆ ಸಂಸ್ಥೆಗಳ ಕಂಪ್ಯೂಟರುಗಳನ್ನು ಜೋಡಿಸಿ ಒಂದು ದೊಡ್ಡ ಯಂತ್ರದ ಹಾಗೆ ದುಡಿಸಬಹುದಲ್ಲ?

ನಮ್ಮ ಕಡೆ ಇದಕ್ಕೆ ಒಳ್ಳೆಯ ಹೆಸರಿದೆ: ಮುಯ್ಯಾಳು. ಇವತ್ತು ನನ್ನ ತೊಗರಿ ರಾಶಿಗೆ ನೀವು ಬರುತ್ತೀರಿ, ನಾಳೆ ನಿಮ್ಮದಕ್ಕೆ ನಾನು. ಕುಡುಗೋಲು ಅವರವರದ್ದೇ. ಯಜಮಾನ ಒಬ್ಬನೇ ಅಲ್ಲ. ಇದು ಗ್ರಿಡ್ ಕಂಪ್ಯೂಟಿಂಗ್. ಇವತ್ತು ಎಲ್ಲರೂ ಹೇಳುವ ಕ್ಲೌಡ್ ಬೇರೆ. ಒಬ್ಬ ದೊಡ್ಡ ಮಾಲೀಕನ ಹತ್ತಿರ ಯಂತ್ರ ಇದೆ, ಗಂಟೆಗೆ ಇಷ್ಟು ಅಂತ ಬಾಡಿಗೆಗೆ ತರುತ್ತೀರಿ. ಅದು ಕಟಾವು ಮಷಿನ್ ಬಾಡಿಗೆಗೆ ತಂದ ಹಾಗೆ.

ಮುಯ್ಯಾಳಿನಲ್ಲಿ ಯಾರು ಯಾವ ಸಾಲು ಹಿಡಿಯಬೇಕು ಅಂತ ಹೇಳುವ ಹಿರಿಯರು ಒಬ್ಬರು ಇರುತ್ತಾರೆ. ಗ್ರಿಡ್ಡಿನಲ್ಲಿ ಆ ಕೆಲಸ ಮಾಡುವ ತಂತ್ರಾಂಶಕ್ಕೆ ಮಿಡಲ್‌ವೇರ್ ಅನ್ನುತ್ತಾರೆ. ಯಾವ ಯಂತ್ರ ಬಿಡುವಾಗಿದೆ, ಯಾರಿಗೆ ಒಳಗೆ ಬರುವ ಅನುಮತಿ ಇದೆ, ನಡುವೆ ಒಂದು ಯಂತ್ರ ಕೆಟ್ಟರೆ ಅದರ ಪಾಲನ್ನು ಯಾರಿಗೆ ಕೊಡಬೇಕು, ಇವೆಲ್ಲ ಅದು ನೋಡಿಕೊಳ್ಳುತ್ತದೆ. ಕೊಟ್ಟ ಉತ್ತರ ಸರಿಯೋ ಅಂತ ತಿಳಿಯಲು ಒಂದೇ ತುಂಡನ್ನು ಇಬ್ಬರಿಗೆ ಕೊಟ್ಟು ಹೋಲಿಸುವುದೂ ಉಂಟು. 1999ರಲ್ಲಿ ಶುರುವಾದ ಸೆಟಿ ಅಟ್ ಹೋಮ್‌ನಲ್ಲಿ ಲಕ್ಷಾಂತರ ಜನ ತಮ್ಮ ಮನೆಯ ಕಂಪ್ಯೂಟರ್ ಬಿಡುವಿದ್ದಾಗ ಅದನ್ನು ರೇಡಿಯೊ ದೂರದರ್ಶಕದ ಅಂಕಿ ಅಂಶ ಜಾಲಾಡಲು ಕೊಟ್ಟರು. ಬೇರೆ ಲೋಕದವರ ಸುಳಿವು ಸಿಗಲಿಲ್ಲ, ಆದರೆ ಈ ವಿಧಾನ ನಡೆಯುತ್ತದೆ ಅಂತ ಜಗತ್ತಿಗೆ ಗೊತ್ತಾಯಿತು. ಜಿನೀವಾದ ಸರ್ನ್ ಪ್ರಯೋಗಾಲಯದ ಕಣಗಳ ಲೆಕ್ಕವನ್ನು 40ಕ್ಕೂ ಹೆಚ್ಚು ದೇಶಗಳ ಸುಮಾರು 170 ಕೇಂದ್ರಗಳು ಹಂಚಿಕೊಂಡು ಮಾಡುತ್ತವೆ. ನಮ್ಮ ಸಂಶೋಧನಾ ಸಂಸ್ಥೆಗಳಾದ ಮುಂಬೈಯ ಟಿಐಎಫ್‌ಆರ್ ಮತ್ತು ಕೋಲ್ಕತ್ತದ ವಿಇಸಿಸಿ ಅದರಲ್ಲಿ ಇವೆ. ಬಹಳ ವರ್ಷ ಹುಡುಕಿದ ಹಿಗ್ಸ್ ಬೋಸಾನ್ ಅನ್ನುವ ಕಣ ಸಿಕ್ಕಿತು ಅಂತ ಸರ್ನ್‌ನವರು ಹೇಳಿದ್ದು 2012ರ ಜುಲೈ 4ರಂದು. ಅದೇ ತಿಂಗಳ ಕೊನೆಗೆ ನಮ್ಮ ದೇಶದ ಕರೆಂಟಿನ ಗ್ರಿಡ್ ಬಿದ್ದದ್ದು. ಒಂದು ಗ್ರಿಡ್ ಗೆದ್ದ ತಿಂಗಳೇ ಇನ್ನೊಂದು ಸೋತಿತು. ನಮ್ಮ ದೇಶದಲ್ಲೂ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಸಿ-ಡ್ಯಾಕ್, ಗರುಡ ಅನ್ನುವ ಹೆಸರಿನಲ್ಲಿ 17 ನಗರಗಳ ಸಂಸ್ಥೆಗಳನ್ನು ಹೀಗೆ ಜೋಡಿಸಿತ್ತು.

ಎಲ್ಲ ಕೆಲಸವೂ ಮುಯ್ಯಾಳಿಗೆ ಒಗ್ಗುವುದಿಲ್ಲ. ಹತ್ತು ಜನ ಹತ್ತು ಸಾಲು ಕೊಯ್ಯಬಹುದು. ಒಬ್ಬರು ಮುಗಿಸಿದ ಮೇಲೆಯೇ ಇನ್ನೊಬ್ಬರು ಶುರು ಮಾಡಬೇಕಾದ ಕೆಲಸಕ್ಕೆ ಹತ್ತು ಜನ ಬಂದರೂ ಒಂಬತ್ತು ಜನ ಕೂತಿರುತ್ತಾರೆ. ಕರೆಂಟಿನ ಗ್ರಿಡ್ಡಿನ ಅತಿ ಮುಖ್ಯ ಲೆಕ್ಕ ಮೊದಲ ಜಾತಿಯದು. ಲೋಡ್ ಡಿಸ್ಪ್ಯಾಚ್ ಕೇಂದ್ರದವರು ಸದಾ ಕೇಳುವ ಪ್ರಶ್ನೆ: ಈಗ ಈ ಒಂದು ಲೈನ್ ಬಿದ್ದರೆ ಉಳಿದವು ತಾಳುತ್ತವೆಯೇ? 500 ಲೈನ್ ಇದ್ದರೆ 500 ಸಲ ಪೂರ್ತಿ ಲೆಕ್ಕ ಹಾಕಬೇಕು. ಎರಡು ಲೈನ್ ಒಟ್ಟಿಗೆ ಬಿದ್ದರೆ ಅಂತ ಕೇಳಿದರೆ 1,24,750 ಲೆಕ್ಕ. ಪ್ರತಿಯೊಂದೂ ಬೇರೆ ಬೇರೆ ಸಾಲು. ಹಂಚಿಕೊಟ್ಟರೆ ನೂರು ಯಂತ್ರಗಳು ಒಟ್ಟಿಗೆ ಮಾಡಬಹುದು. ನಾಳೆ ಎಲ್ಲಿ ಮೋಡ, ಎಲ್ಲಿ ಬಿಸಿಲು, ಎಷ್ಟು ಸೋಲಾರ್ ಅನ್ನುವ ಲೆಕ್ಕವೂ ಹೀಗೆ ಹಂಚಿಕೊಡಬಹುದಾದದ್ದೇ. ಒಂದು ಲೈನ್ ಬಿದ್ದು ಪಕ್ಕದ್ದು ಬೀಳುವ ನಡುವೆ ಸಿಗುವುದು ಕೆಲವು ನಿಮಿಷ, ಕೆಲವು ಸಲ ಕೆಲವೇ ಸೆಕೆಂಡ್. ಉತ್ತರ ಅಷ್ಟರೊಳಗೆ ಸಿಗಬೇಕು. ಕರೆಂಟಿನಿಂದ ಹೆಸರು ಸಾಲ ತಂದ ವಿದ್ಯೆ ಈಗ ಆ ಸಾಲ ತೀರಿಸುತ್ತಿದೆ.

ಮೀಟರುಗಳೂ ಲೆಕ್ಕ ಕೇಳುತ್ತವೆ. 15 ನಿಮಿಷಕ್ಕೊಂದು ಅಂಕಿ ಅಂದರೆ ಒಂದು ಮೀಟರಿನಿಂದ ದಿನಕ್ಕೆ 96. ಒಂದು ಲಕ್ಷ ಮೀಟರಿಗೆ ದಿನಕ್ಕೆ 96 ಲಕ್ಷ. ಅದನ್ನೆಲ್ಲ ಬೆಂಗಳೂರಿಗೆ ಕಳಿಸಿ, ಅಲ್ಲಿ ನೋಡಿ, ತಿರುಗಿ ಹೇಳುವುದಕ್ಕಿಂತ ಟಿಸಿಯ ಕಂಬದಲ್ಲೇ ಒಂದು ಸಣ್ಣ ಕಂಪ್ಯೂಟರ್ ಇಟ್ಟರೆ ಆಯಿತು. ತನ್ನ ಐವತ್ತು ಮನೆಯ ಲೆಕ್ಕ ಅದು ತಾನೇ ಮಾಡುತ್ತದೆ. ಎಣ್ಣೆ ಕಾದಿದೆ, ಭಾರ ಏರಿದೆ ಅನ್ನುವ ಸುದ್ದಿ ಮಾತ್ರ ಮೇಲಕ್ಕೆ ಕಳಿಸುತ್ತದೆ. ನೆಟ್‌ವರ್ಕ್ ಬಂದು ಹೋಗುವ ನಮ್ಮ ಹಳ್ಳಿಗಳಿಗೆ ಇದೇ ಸರಿ.

ಹೆದರಿಕೆಗಳು, ಮತ್ತು ನನ್ನ ಮಾತು

ಹೆದರಿಕೆ ಇಲ್ಲದಿಲ್ಲ. ಅರ್ಧ ಗಂಟೆಯ ಬಳಕೆ ನೋಡಿದರೆ ಮನೆಯಲ್ಲಿ ಯಾರಾದರೂ ಇದ್ದಾರೋ, ಊರಿಗೆ ಹೋಗಿದ್ದಾರೋ ಹೇಳಿಬಿಡಬಹುದು. ಆ ಅಂಕಿ ಯಾರ ಕೈಯಲ್ಲಿರಬೇಕು ಅನ್ನುವುದಕ್ಕೆ ಗಟ್ಟಿ ನಿಯಮ ಬೇಕು. ದೂರದಿಂದ ಕಟ್ ಮಾಡಬಹುದಾದ ಸ್ವಿಚ್ಚನ್ನು ಕಳ್ಳನೂ ದೂರದಿಂದ ಕಟ್ ಮಾಡಬಹುದು. 2015ರ ಡಿಸೆಂಬರ್ 23ರಂದು ಯುಕ್ರೇನಿನಲ್ಲಿ ಹ್ಯಾಕರುಗಳು ವಿತರಣಾ ಕಂಪನಿಗಳ ಕಂಪ್ಯೂಟರಿಗೆ ನುಗ್ಗಿ ಸುಮಾರು 2.25 ಲಕ್ಷ ಗ್ರಾಹಕರ ಕರೆಂಟ್ ತೆಗೆದರು. ಅಲ್ಲಿನ ಸಿಬ್ಬಂದಿ ಸಬ್‌ಸ್ಟೇಷನ್ನಿಗೆ ಹೋಗಿ ಕೈಯಿಂದ ಸ್ವಿಚ್ ಹಾಕಿ ಕರೆಂಟ್ ಮರಳಿ ತಂದರು. ಹಾಗಾಗಿ ಎಷ್ಟೇ ಸ್ಮಾರ್ಟ್ ಆದರೂ ಕೈಯಿಂದ ಹಾಕುವ ಸ್ವಿಚ್ ಮತ್ತು ಅದನ್ನು ಹಾಕಲು ಬರುವ ಮನುಷ್ಯ ಇರಲೇಬೇಕು.

ನನ್ನ ಗಟ್ಟಿ ಅಭಿಪ್ರಾಯ ಒಂದಿದೆ. ಮನೆಗಿಂತ ಮೊದಲು ಟಿಸಿಗೆ ಮೀಟರ್ ಬೇಕು. ಅದರಲ್ಲೂ ಫೀಡರಿನ ತುದಿಯ ಟಿಸಿಗಳಿಗೆ ಮೊದಲು. ಒಂದು ಟಿಸಿಯ ಮೀಟರ್ ಐವತ್ತು ಮನೆಯ, ಹತ್ತು ಹೊಲದ ಕಷ್ಟ ಹೇಳುತ್ತದೆ. ಅದಕ್ಕೆ ಯಾರ ಮನೆಯ ಗುಟ್ಟೂ ಬೇಕಿಲ್ಲ, ಯಾರ ಬಿಲ್ಲೂ ಏರುವುದಿಲ್ಲ. ನಗರದ ಮನೆಗಳಿಂದ ಶುರು ಮಾಡಿದರೆ ದುಡ್ಡು ಬೇಗ ವಸೂಲಾಗಬಹುದು. ಆದರೆ ಕಣ್ಣು ಜಾಸ್ತಿ ಬೇಕಾಗಿರುವುದು ಲೈನ್ ಮುಗಿಯುವ ಕಡೆ.

ಅಲ್ಲಿಯವರೆಗೆ ಒಂದು ಕೆಲಸ ನಾವೇ ಮಾಡಬಹುದು. ಈಗಿರುವ ಎಲೆಕ್ಟ್ರಾನಿಕ್ ಮೀಟರುಗಳಲ್ಲೂ ಬಹಳಷ್ಟರಲ್ಲಿ ಗುಂಡಿ ಒತ್ತುತ್ತಾ ಹೋದರೆ ವೋಲ್ಟೇಜ್ ಕಾಣುತ್ತದೆ. ದಿನವೂ ಅದೇ ಹೊತ್ತಿಗೆ ಬರೆದಿಟ್ಟರೆ, ಕಡಿಮೆ ವೋಲ್ಟೇಜ್ ಅಂತ ಬಾಯಿಮಾತಿನಲ್ಲಿ ಹೇಳುವ ದೂರಿಗೂ ಅಂಕಿ ಇಟ್ಟು ಬರೆದ ಅರ್ಜಿಗೂ ಇರುವ ವ್ಯತ್ಯಾಸ ತಿಳಿಯುತ್ತದೆ. ಅಣ್ಣನಿಗೆ ಹೇಳಿದ್ದೆ. ಶೇಂಗಾ ಲೆಕ್ಕದ ಪುಸ್ತಕದ ಹಿಂಭಾಗದಲ್ಲಿ ಗೆರೆ ಹೊಡೆದು ನಸುಕಿನ ಐದು, ಮಧ್ಯಾಹ್ನ ಹನ್ನೆರಡು, ಸಂಜೆ ಏಳು ಅಂತ ಮೂರು ಸಾಲು ಮಾಡಿಕೊಂಡಿದ್ದಾನೆ. ಹತ್ತು ಹೊಲದವರೂ ಈಗ ಸ್ಟಾರ್ಟರ್ ಟೈಮರ್ ಒಂದೊಂದು ನಿಮಿಷ ಮುಂದೆ ಹಿಂದೆ ಇಟ್ಟಿದ್ದಾರೆ. ಮೊನ್ನೆ ಅವನೇ ಫೋನ್ ಮಾಡಿದ: "ಏಳಕ್ಕ ನೂರಾ ಎಂಬತ್ತೆರಡು ಇರ್ತಿತ್ತು ತಮ್ಮಾ. ಈ ವಾರ ಎರಡು ನೂರಾ ನಾಲ್ಕು ಅದ."